ಲಿಂಕನ್ ಕೊಟ್ಟದ್ದೆಷ್ಟು, ಗುಲಾಮರು ಕಸಿದುಕೊಂಡದ್ದೆಷ್ಟು?

ಅಮೆರಿಕದಲ್ಲಿ ಗುಲಾಮರಿದ್ದರು. ಲಿಂಕನ್ ಎಂಬ ದೊಡ್ಡ ಮನಸ್ಸಿನವನೊಬ್ಬ ಅಧ್ಯಕ್ಷನಾದ. ಯುದ್ಧ ಮಾಡಿ ಅವರನ್ನು ಬಿಡಿಸಿದ. ಆಮೇಲೆ ಅವನನ್ನು ಗುಂಡಿಟ್ಟು ಕೊಂದರು. ನಮ್ಮ ಶಾಲೆಗಳಲ್ಲಿ ಅಮೆರಿಕದ ಅಂತರ್ಯುದ್ಧದ ಪಾಠ ಬಹುಪಾಲು ಇಷ್ಟಕ್ಕೇ ಮುಗಿದುಹೋಗುತ್ತದೆ. ಪುರುಸೊತ್ತಿರುವ ಮೇಷ್ಟ್ರಾದರೆ ಮರದ ಗುಡಿಸಲಲ್ಲಿ ಹುಟ್ಟಿದ ಬಡ ಹುಡುಗನ ಕಥೆ ಸೇರಿಸಿಯಾರು. ಆದರೆ ಈ ಕಥೆಯಲ್ಲಿ ಸುಮಾರು ನಲವತ್ತು ಲಕ್ಷ ಗುಲಾಮರು ಏನು ಮಾಡ್ತಾ ಇದ್ದರು? ಯಾರೋ ಬಂದು ಸಂಕೋಲೆ ಬಿಚ್ಚಲಿ ಅಂತ ಕೈಕಟ್ಟಿ ಕೂತಿದ್ದರೇ? ಈ ಪ್ರಶ್ನೆಯನ್ನು ಯಾವ ಪಾಠದ ಕೊನೆಯಲ್ಲೂ ಕೇಳುವುದಿಲ್ಲ.

ಇನ್ನೊಂದು ಕಥೆಯೂ ಉಂಟು. ನಾಲ್ಕು ಇಂಗ್ಲಿಷ್ ಪುಸ್ತಕ ಓದಿದವರು ಹೇಳುವ ಕಥೆ ಇದು. ಯುದ್ಧ ನಡೆದದ್ದು ಗುಲಾಮಗಿರಿಗೋಸ್ಕರ ಅಲ್ಲವಂತೆ, ರಾಜ್ಯಗಳ ಹಕ್ಕಿಗೋಸ್ಕರವಂತೆ, ಸುಂಕದ ಜಗಳಕ್ಕೋಸ್ಕರವಂತೆ. ನಾವು ಈ ಎರಡೂ ಕಥೆಗಳನ್ನು ಒಪ್ಪುವುದಿಲ್ಲ. ಮೊದಲನೆಯದು ಗುಲಾಮನ ಕೈಯನ್ನು ಚರಿತ್ರೆಯಿಂದ ಅಳಿಸುತ್ತದೆ. ಎರಡನೆಯದು ಅವನ ಬೆನ್ನ ಮೇಲಿನ ಬಾಸುಂಡೆಯನ್ನೇ ಅಳಿಸಿಬಿಡುತ್ತದೆ.

ಎರಡನೆಯದನ್ನೇ ಮೊದಲು ಕೈಗೆ ತೆಗೆದುಕೊಳ್ಳೋಣ, ಯಾಕಂದರೆ ಅದು ಬುದ್ಧಿವಂತರ ಸುಳ್ಳು. ಒಕ್ಕೂಟ ಬಿಟ್ಟು ಹೋದ ದಕ್ಷಿಣದ ಧಣಿಗಳು ತಾವು ಯಾಕೆ ಹೋಗುತ್ತಿದ್ದೇವೆ ಎಂಬುದನ್ನು ಬಾಯಿ ಬಿಟ್ಟು ಹೇಳಿಯೇ ಹೋದರು, ಬರೆದೂ ಇಟ್ಟರು. 1860ರ ಡಿಸೆಂಬರ್ 20ರಂದು ಮೊದಲು ಹೊರಬಿದ್ದ ದಕ್ಷಿಣ ಕೆರೊಲಿನಾ, ಉತ್ತರದ ರಾಜ್ಯಗಳು ಓಡಿಹೋದ ಗುಲಾಮರನ್ನು ಹಿಡಿದು ಒಪ್ಪಿಸುತ್ತಿಲ್ಲ ಎಂದು ತನ್ನ ಘೋಷಣೆಯಲ್ಲಿ ದೂರಿತು. ಮಿಸಿಸಿಪಿ ರಾಜ್ಯವಂತೂ ತನ್ನ ನಿಲುವು ಗುಲಾಮಗಿರಿಯ ವ್ಯವಸ್ಥೆಯೊಂದಿಗೆ ಬೆಸೆದುಕೊಂಡಿದೆ ಎಂದು ಶುರುವಿನಲ್ಲೇ ಹೇಳಿತು. ಅವರ ಹೊಸ ಸರಕಾರದ ಉಪಾಧ್ಯಕ್ಷ ಅಲೆಕ್ಸಾಂಡರ್ ಸ್ಟೀಫನ್ಸ್ 1861ರ ಮಾರ್ಚ್ 21ರಂದು ಸವಾನಾ ಪಟ್ಟಣದಲ್ಲಿ ಭಾಷಣ ಮಾಡಿ, ಕರಿಯ ಬಿಳಿಯನಿಗೆ ಸಮನಲ್ಲ ಎಂಬುದೇ ನಮ್ಮ ಸರಕಾರದ ಮೂಲೆಗಲ್ಲು ಎಂದ. ಅಷ್ಟಕ್ಕೇ ನಿಲ್ಲಿಸಲಿಲ್ಲ. ಪ್ರಕೃತಿಯಿಂದಲೋ ಬೈಬಲಿನ ಕಾಲದ ಶಾಪದಿಂದಲೋ ಕರಿಯ ಅಡಿಯಾಳಾಗಿಯೇ ಇರಲು ತಕ್ಕವನು ಎಂದೂ ಸೇರಿಸಿದ. ಹುಟ್ಟು, ಶಾಪ, ದೈವಸಂಕಲ್ಪ! ಗೆಳೆಯರೇ, ಈ ಮಾತಿನ ವಾಸನೆ ನಮ್ಮ ಮೂಗಿಗೇನೂ ಹೊಸದಲ್ಲ.

ಇನ್ನು ರಾಜ್ಯಗಳ ಹಕ್ಕು. 1850ರಲ್ಲಿ ಇದೇ ಧಣಿಗಳು ಕೇಂದ್ರ ಸರಕಾರದಿಂದ ಒಂದು ಕಾಯಿದೆ ಮಾಡಿಸಿಕೊಂಡರು. ಓಡಿಹೋದ ಗುಲಾಮ ಉತ್ತರದ ಯಾವ ಊರಲ್ಲಿ ಸಿಕ್ಕರೂ ಹಿಡಿದು ವಾಪಸು ಕೊಡಬೇಕು. ಹಿಡಿಯಲು ಊರವರು ನೆರವಾಗಬೇಕು. ಸಿಕ್ಕಿಬಿದ್ದವನಿಗೆ ತನ್ನ ಪರವಾಗಿ ಸಾಕ್ಷಿ ನುಡಿಯುವ ಹಕ್ಕೂ ಇಲ್ಲ. ವಿಚಾರಣೆ ಮಾಡುವ ಅಧಿಕಾರಿ ಅವನನ್ನು ಬಿಟ್ಟುಬಿಟ್ಟರೆ 5 ಡಾಲರ್ ಭತ್ಯೆ, ಒಡೆಯನಿಗೆ ಒಪ್ಪಿಸಿದರೆ 10 ಡಾಲರ್! ನ್ಯಾಯಕ್ಕೆ ಹೀಗೆ ಎರಡು ದರ ಕಟ್ಟಿದ ಕಾಯಿದೆಯನ್ನು ಉತ್ತರದ ಕೆಲವು ರಾಜ್ಯಗಳು ನಮ್ಮಲ್ಲಿ ನಡೆಯಗೊಡುವುದಿಲ್ಲ ಎಂದಾಗ, ದಕ್ಷಿಣದ ಧಣಿಗಳಿಗೆ ರಾಜ್ಯಗಳ ಹಕ್ಕು ನೆನಪಾಗಲಿಲ್ಲ. ಆಮೇಲೆ ಅವರೇ ಬರೆದುಕೊಂಡ ಸಂವಿಧಾನದಲ್ಲಿ ಗುಲಾಮರ ಮೇಲಿನ ಒಡೆತನಕ್ಕೆ ಧಕ್ಕೆ ತರುವ ಕಾಯಿದೆಯನ್ನೇ ಮಾಡಕೂಡದು ಎಂದು ಬೇಲಿ ಹಾಕಿಕೊಂಡರು. ಹಕ್ಕು ಎಂದರೆ ಇಷ್ಟೇ: ಮನುಷ್ಯನನ್ನು ಮಾರುವ ಹಕ್ಕು.

ಅಷ್ಟೊಂದು ಹಟ ಯಾಕೆ? ದುಡ್ಡು ಇತ್ತು, ಅದಕ್ಕೆ. 1619ರಲ್ಲಿ ವರ್ಜೀನಿಯಾದ ಕಡಲ ದಂಡೆಗೆ ಇಪ್ಪತ್ತು ಚಿಲ್ಲರೆ ಆಫ್ರಿಕನ್ನರನ್ನು ತಂದಿಳಿಸಿದಾಗಿನಿಂದ ಗುಲಾಮಗಿರಿ ಇತ್ತು ನಿಜ. ಆದರೆ 1793ರಲ್ಲಿ ಎಲಿ ವಿಟ್ನಿ ಹತ್ತಿಯಿಂದ ಬೀಜ ಬಿಡಿಸುವ ಯಂತ್ರ ಮಾಡಿದ. ಯಂತ್ರ ಬಂದರೆ ಕೂಲಿಯ ಮೈಭಾರ ಇಳಿಯುತ್ತದೆ ಅಂತಾರಲ್ಲ, ಇಲ್ಲಿ ನಡೆದದ್ದು ತಿರುಗಮುರುಗ. ಬೀಜ ಬಿಡಿಸುವುದು ಸಲೀಸಾದ ಕೂಡಲೇ ಎಷ್ಟು ಹತ್ತಿ ಬೆಳೆದರೂ ಸಾಲದು ಎಂದಾಯಿತು. ಹತ್ತಿ ಬಿಡಿಸುವ ಕೈಗಳು ಬೇಕಾದವು. 1790ರಲ್ಲಿ ಸುಮಾರು 7 ಲಕ್ಷ ಇದ್ದ ಗುಲಾಮರು 1860ರ ಜನಗಣತಿಯ ಹೊತ್ತಿಗೆ 39.5 ಲಕ್ಷ ದಾಟಿದ್ದರು. 1808ರಲ್ಲೇ ಆಫ್ರಿಕದಿಂದ ತರಿಸುವುದನ್ನು ಕಾನೂನು ನಿಲ್ಲಿಸಿತ್ತು. ಹಾಗಾದರೆ ಇಷ್ಟು ಜನ ಎಲ್ಲಿಂದ? ತಾಯಿ ಗುಲಾಮಳಾದರೆ ಮಗು ಹುಟ್ಟುತ್ತಲೇ ಗುಲಾಮ. ಅಪ್ಪ ಆ ತೋಟದ ಧಣಿಯೇ ಆಗಿದ್ದರೂ ಸರಿ, ಮಗು ಅವನ ಲೆಕ್ಕದ ಪುಸ್ತಕಕ್ಕೆ ಇನ್ನೊಂದು ತಲೆ. ಮಣ್ಣು ಸವೆದ ವರ್ಜೀನಿಯಾ, ಮೇರಿಲ್ಯಾಂಡಿನ ಒಡೆಯರು ಮಿಸಿಸಿಪಿ, ಅಲಬಾಮಾದ ಹತ್ತಿಸೀಮೆಗೆ ಮನುಷ್ಯರನ್ನು ದನದ ಸಂತೆಯಲ್ಲಿ ಮಾರಿದ ಹಾಗೆ ಮಾರಿದರು. ಹಲ್ಲು ನೋಡಿ, ತೋಳು ಹಿಸುಕಿ, ಬಾಣಂತಿಯ ಕೈಯಿಂದ ಕೂಸು ಕಿತ್ತು ಬೇರೆ ಬೇರೆ ಹರಾಜು. ಹೀಗೆ ನಾಡೊಳಗೇ ಮಾರಿಸಿಕೊಂಡು, ಸಾಗಿಸಿಕೊಂಡು ಹೋದವರು ಹತ್ತು ಲಕ್ಷದಷ್ಟು. ಯುದ್ಧದ ಹೊತ್ತಿಗೆ ಆ ದೇಶದ ರಫ್ತಿನ ಬೆಲೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹತ್ತಿಯದೇ. ಗುಲಾಮರ 'ಮಾರುಕಟ್ಟೆ ಬೆಲೆ' ಆ ದೇಶದ ರೈಲು, ಕಾರ್ಖಾನೆಗಳ ಒಟ್ಟು ಬಂಡವಾಳವನ್ನೂ ಮೀರಿಸಿತ್ತು ಎಂದು ಇತಿಹಾಸಕಾರರು ಲೆಕ್ಕ ಹಾಕಿದ್ದಾರೆ. ಇಂಥ ಸ್ವತ್ತನ್ನು ಯಾರಾದರೂ ಉಪದೇಶ ಕೇಳಿ ಬಿಟ್ಟುಕೊಡುತ್ತಾರೆಯೇ? ಹೃದಯ ಪರಿವರ್ತನೆಯ ಮಾತಾಡುವವರು ಈ ಅಂಕಿಯನ್ನು ಒಂದು ಸಲ ನೋಡಬೇಕು.

ಉತ್ತರದವರು ಸಾಚಾಗಳು ಎಂದು ನಾವು ಹೇಳುತ್ತಿಲ್ಲ. ನ್ಯೂಯಾರ್ಕಿನ ಬ್ಯಾಂಕುಗಳು ಸಾಲ ಕೊಟ್ಟವು, ಮ್ಯಾಸಚೂಸೆಟ್ಸಿನ ಗಿರಣಿಗಳು ಆ ಹತ್ತಿ ನೂತವು. 1787ರ ಸಂವಿಧಾನ 'ನಾವು, ಜನರು' ಅಂತ ಶುರುವಾಗುತ್ತದೆ. ಒಳಗೆ ಹೋದರೆ ಐದು ಜನ ಗುಲಾಮರನ್ನು ಮೂರು ಜನ ಎಂದು ಎಣಿಸುವ ಕಲಮು. ಓಟು ಹಾಕಲು ಅಲ್ಲ, ಧಣಿಗಳ ರಾಜ್ಯಕ್ಕೆ ಹೆಚ್ಚು ಸೀಟು ಸಿಗಲಿ ಅಂತ. ಮೊದಲ ಹನ್ನೆರಡು ಅಧ್ಯಕ್ಷರಲ್ಲಿ ಹತ್ತು ಜನ ಒಂದಲ್ಲ ಒಂದು ಕಾಲದಲ್ಲಿ ಗುಲಾಮರನ್ನು ಇಟ್ಟುಕೊಂಡವರೇ. ಎರಡು ಬಂಡವಾಳಗಳ ಜಗಳ ಹತ್ತಿಕೊಂಡದ್ದು ಪಶ್ಚಿಮದ ಹೊಸ ನೆಲ ಯಾರಿಗೆ ಎಂಬ ಪ್ರಶ್ನೆಯ ಮೇಲೆ. (ಆ ನೆಲವೂ ಮೂಲನಿವಾಸಿಗಳಿಂದ ಕಿತ್ತುಕೊಂಡದ್ದು.) 1854ರಿಂದ ಕನ್ಸಾಸಿನಲ್ಲಿ ರಕ್ತ ಹರಿಯಿತು. 1857ರಲ್ಲಿ ಡ್ರೆಡ್ ಸ್ಕಾಟ್ ಎಂಬ ಗುಲಾಮ ತನ್ನ ಬಿಡುಗಡೆಗಾಗಿ ಹೂಡಿದ ದಾವೆಯಲ್ಲಿ, ಕರಿಯರು ಈ ದೇಶದ ಪ್ರಜೆಗಳೇ ಅಲ್ಲ, ಬಿಳಿಯ ಗೌರವಿಸಬೇಕಾದ ಯಾವ ಹಕ್ಕೂ ಅವರಿಗಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಟ್ಟಿತು. ಕಾನೂನಿನ ಬಾಗಿಲು ಹೀಗೆ ಮುಚ್ಚಿದ ಮೇಲೆ ಜಾನ್ ಬ್ರೌನ್ ಎಂಬ ಬಿಳಿಯ, ತನ್ನ ಮಕ್ಕಳನ್ನೂ ಕರಿಯ ಸಂಗಾತಿಗಳನ್ನೂ ಕಟ್ಟಿಕೊಂಡು 1859ರ ಅಕ್ಟೋಬರಿನಲ್ಲಿ ಹಾರ್ಪರ್ಸ್ ಫೆರಿಯ ಶಸ್ತ್ರಾಗಾರಕ್ಕೆ ನುಗ್ಗಿದ. ಡಿಸೆಂಬರ್ 2ರಂದು ಅವನನ್ನು ಗಲ್ಲಿಗೇರಿಸಿದರು. ಹುಚ್ಚ ಎಂದರು. ಹುಚ್ಚನ ಹೆಣ ಕಂಡು ಇಡೀ ದಕ್ಷಿಣ ನಿದ್ದೆಗೆಟ್ಟಿತು.

1860ರ ನವೆಂಬರಿನಲ್ಲಿ ಲಿಂಕನ್ ಗೆದ್ದ. ಗುಲಾಮಗಿರಿ ಹೊಸ ಪ್ರದೇಶಗಳಿಗೆ ಹಬ್ಬಕೂಡದು ಎಂಬುದಷ್ಟೇ ಅವನ ಪಕ್ಷದ ಪಟ್ಟು. ಇರುವ ಕಡೆ ಅದರ ಗೊಡವೆಗೆ ಹೋಗುವುದಿಲ್ಲ ಎಂದು ಅಧಿಕಾರ ವಹಿಸಿಕೊಂಡ ದಿನವೇ ಮಾತು ಕೊಟ್ಟ. ಅಷ್ಟನ್ನೂ ಧಣಿಗಳು ತಾಳಲಿಲ್ಲ. ಹನ್ನೊಂದು ರಾಜ್ಯಗಳು ಒಂದೊಂದಾಗಿ ಬೇರೆಯಾದವು. 1861ರ ಏಪ್ರಿಲ್ 12ರಂದು ಸಮ್ಟರ್ ಕೋಟೆಯ ಮೇಲೆ ಮೊದಲ ಗುಂಡು ಹಾರಿಸಿದವರು ಅವರೇ.

ಆ ಧಣಿಗಳ ದಂಡಿನಲ್ಲಿ ಸತ್ತವರು ಯಾರು? ಬೇರೆಯಾದ ರಾಜ್ಯಗಳಲ್ಲಿ ಮೂರರಲ್ಲಿ ಎರಡು ಪಾಲು ಬಿಳಿ ಕುಟುಂಬಗಳ ಬಳಿ ಒಬ್ಬ ಗುಲಾಮನೂ ಇರಲಿಲ್ಲ. ತುಂಡು ನೆಲ ಉಳುವ ಬಡವರು. 1862ರಲ್ಲಿ ಬಲವಂತದ ಸೇನಾಭರ್ತಿ ಬಂತು. ಅದೇ ವರ್ಷ ಇಪ್ಪತ್ತು ಗುಲಾಮರಿರುವ ತೋಟಕ್ಕೆ ಒಬ್ಬ ಬಿಳಿಯನಿಗೆ ವಿನಾಯಿತಿ ಎಂಬ ಕಾಯಿದೆಯೂ ಬಂತು. ಅಂದರೆ ಗುಲಾಮರಿದ್ದವನು ಮನೆಯಲ್ಲಿರಬಹುದು, ಇಲ್ಲದವನು ಗುಲಾಮಗಿರಿ ಉಳಿಸಲು ಸಾಯಬೇಕು! ಆದರೂ ಹೋದರು, ಸತ್ತರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ಬಿಳಿ ತೊಗಲೇ ಅವರ ಮಲ್ಲಿಗೆ ಹೂವು. ತನಗಿಂತ ಕೆಳಗೆ ಒಬ್ಬನಿದ್ದಾನೆ ಎಂಬ ಸಮಾಧಾನಕ್ಕಾಗಿ ಬಡವ ಏನನ್ನೆಲ್ಲ ಕೊಡಬಲ್ಲ ಎಂಬುದನ್ನು ಊರು-ಕೇರಿ ಕಂಡ ನಾವು ವಿವರಿಸಬೇಕಾಗಿಲ್ಲ. ಉತ್ತರದಲ್ಲೂ ಕಥೆ ಇದಕ್ಕಿಂತ ಚೆನ್ನಾಗಿರಲಿಲ್ಲ. 300 ಡಾಲರ್ ಕೊಟ್ಟವನು ಭರ್ತಿಯಿಂದ ತಪ್ಪಿಸಿಕೊಳ್ಳಬಹುದಿತ್ತು. ಅದರ ಸಿಟ್ಟಿಗೆ 1863ರ ಜುಲೈನಲ್ಲಿ ನ್ಯೂಯಾರ್ಕಿನ ಬಿಳಿ ಕೂಲಿಕಾರರು ದಂಗೆಯೆದ್ದು ಕರಿಯರನ್ನು ದೀಪದ ಕಂಬಕ್ಕೆ ನೇತುಹಾಕಿದರು, ಕರಿಯ ಮಕ್ಕಳ ಅನಾಥಾಲಯಕ್ಕೆ ಬೆಂಕಿ ಇಟ್ಟರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಈಗ ಮೊದಲನೆಯ ಕಥೆಗೆ ಬರೋಣ, ಗುಲಾಮರು ಏನು ಮಾಡುತ್ತಿದ್ದರು ಎಂಬ ಪ್ರಶ್ನೆಗೆ. ಯುದ್ಧ ಶುರುವಾಗಿ ಆರು ವಾರ ಆಗಿತ್ತೋ ಇಲ್ಲವೋ, 1861ರ ಮೇ ತಿಂಗಳ ಒಂದು ರಾತ್ರಿ ವರ್ಜೀನಿಯಾದಲ್ಲಿ ಫ್ರಾಂಕ್ ಬೇಕರ್, ಜೇಮ್ಸ್ ಟೌನ್‌ಸೆಂಡ್, ಶೆಪರ್ಡ್ ಮಲ್ಲೊರಿ ಎಂಬ ಮೂವರು ಗುಲಾಮರು ದೋಣಿ ಹತ್ತಿ ಉತ್ತರದವರ ವಶದಲ್ಲಿದ್ದ ಮನ್ರೋ ಕೋಟೆಗೆ ಬಂದರು. ಅವರನ್ನು ದಕ್ಷಿಣದ ಸೈನ್ಯ ಫಿರಂಗಿ ದಿಬ್ಬ ಕಟ್ಟಲು ದುಡಿಸುತ್ತಿತ್ತು. ಒಡೆಯನ ಕಡೆಯವನೊಬ್ಬ ಅಧಿಕಾರಿ ಬಂದು 1850ರ ಕಾಯಿದೆ ತೋರಿಸಿ ವಾಪಸು ಕೊಡಿ ಎಂದ. ಕೋಟೆಯ ಸೇನಾಪತಿ ಬಟ್ಲರ್ ವಕೀಲಿ ಮಾಡಿದವನು. ನೀವು ಬೇರೆ ದೇಶ ಅನ್ನುತ್ತೀರಿ, ನಮ್ಮ ಕಾಯಿದೆ ನಿಮಗೆ ಹೇಗೆ ಅನ್ವಯಿಸೀತು, ಇವರು ಯುದ್ಧದಲ್ಲಿ ವಶವಾದ ಶತ್ರುವಿನ ಸ್ವತ್ತು ಎಂದ. ಆ ಮಾತಿನಲ್ಲೂ ಮನುಷ್ಯ ಸ್ವತ್ತೇ. ಆದರೆ ಸುದ್ದಿ ಕೇರಿಯಿಂದ ಕೇರಿಗೆ ಹರಿಯಿತು. ಮೂರು ಜನ ನೂರಾದರು, ನೂರು ಸಾವಿರವಾದರು. ಹೆಂಗಸರು ಕೂಸು ಕಟ್ಟಿಕೊಂಡು ಜೌಗು ದಾಟಿ ಬಂದರು. ಯುದ್ಧ ಮುಗಿಯುವಷ್ಟರಲ್ಲಿ ಐದು ಲಕ್ಷದಷ್ಟು ಗುಲಾಮರು ತೋಟ ಬಿಟ್ಟು ಬಂದಿದ್ದರು. ಡುಬೋಯ್ಸ್ 1935ರ ತಮ್ಮ ಪುಸ್ತಕದಲ್ಲಿ ಇದನ್ನು ಸಾರ್ವತ್ರಿಕ ಮುಷ್ಕರ ಎಂದು ಕರೆದರು. ಸರಿಯಾದ ಹೆಸರು. ಹತ್ತಿ ಹೊಲದ ಕೈಗಳು ನಿಂತಾಗಲೇ ಧಣಿಗಳ ದಂಡಿನ ನಡ ಮುರಿಯಿತು. 1862ರ ಮೇ 13ರಂದು ರಾಬರ್ಟ್ ಸ್ಮಾಲ್ಸ್ ಎಂಬ ಗುಲಾಮ ಚಾರ್ಲ್ಸ್‌ಟನ್ ಬಂದರಿನಿಂದ ಶತ್ರುವಿನ ಹಡಗನ್ನೇ ನಡೆಸಿಕೊಂಡು, ಕಪ್ತಾನನ ಟೋಪಿ ಹಾಕಿಕೊಂಡು, ಹೆಂಡತಿ ಮಕ್ಕಳ ಸಮೇತ ಪಾರಾಗಿ ಬಂದ. ಈ ಸಾಹಸವನ್ನು ನಮ್ಮ ಮಕ್ಕಳಿಗೆ ಯಾರೂ ಯಾಕೆ ಹೇಳುವುದಿಲ್ಲ?

ಇದೇ ಹೊತ್ತಿನಲ್ಲಿ ಲಿಂಕನ್ ಏನು ಮಾಡುತ್ತಿದ್ದ? 1861ರಲ್ಲಿ ಮಿಸ್ಸೂರಿಯ ಸೇನಾಪತಿ ಫ್ರೀಮಾಂಟ್ ಬಂಡುಕೋರರ ಗುಲಾಮರನ್ನು ಬಿಡುಗಡೆ ಮಾಡಿದಾಗ ಆ ಆಜ್ಞೆಯನ್ನು ರದ್ದು ಮಾಡಿದ. 1862ರ ಏಪ್ರಿಲ್‌ನಲ್ಲಿ ರಾಜಧಾನಿ ವಾಷಿಂಗ್ಟನ್ನಿನ ಗುಲಾಮರನ್ನು ಬಿಡಿಸಿದಾಗ ತಲೆಗೆ 300 ಡಾಲರ್‌ವರೆಗೆ ಪರಿಹಾರ ಕೊಟ್ಟದ್ದು ಒಡೆಯರಿಗೆ! ಬೆವರು ಸುರಿಸಿದವನಿಗಲ್ಲ. ಅದೇ ಆಗಸ್ಟಿನಲ್ಲಿ ಕರಿಯ ಮುಖಂಡರನ್ನು ಮನೆಗೆ ಕರೆಸಿ, ನೀವು ಬೇರೆ ದೇಶಕ್ಕೆ ಹೊರಟುಹೋಗುವುದು ಒಳ್ಳೆಯದು ಎಂದ. ಒಬ್ಬ ಗುಲಾಮನನ್ನೂ ಬಿಡಿಸದೆ ಒಕ್ಕೂಟ ಉಳಿಯುವುದಾದರೆ ಹಾಗೇ ಮಾಡುತ್ತೇನೆ ಎಂದು ಪತ್ರಿಕೆಯವನಿಗೆ ಬರೆದ. 1863ರ ಜನವರಿ 1ರ ಪ್ರಸಿದ್ಧ ಘೋಷಣೆಯೂ ಬಂಡುಕೋರರ ಹಿಡಿತದಲ್ಲಿದ್ದ ನೆಲಕ್ಕೆ ಮಾತ್ರ. ಒಕ್ಕೂಟದಲ್ಲೇ ಉಳಿದ ಕೆಂಟುಕಿ, ಮೇರಿಲ್ಯಾಂಡ್, ಡೆಲವೇರ್, ಮಿಸ್ಸೂರಿಯ ಗುಲಾಮರು ಗುಲಾಮರಾಗಿಯೇ ಉಳಿದರು.

ಆದರೂ ಆ ಘೋಷಣೆಯಲ್ಲಿ ಒಂದು ಕಿಡಿ ಇತ್ತು, ಕರಿಯರು ಸೈನ್ಯಕ್ಕೆ ಸೇರಬಹುದು ಎಂಬುದು. ಭೂಸೇನೆಗೆ ಸುಮಾರು 1,79,000, ನೌಕಾಪಡೆಗೆ ಸುಮಾರು 19,000 ಜನ ಸೇರಿದರು. ಸುಮಾರು 40,000 ಜನ ಸತ್ತರು, ಬಹುಪಾಲು ರೋಗರುಜಿನದಿಂದ. ಬಿಳಿ ಸಿಪಾಯಿಗೆ ತಿಂಗಳಿಗೆ 13 ಡಾಲರ್, ಕರಿಯನಿಗೆ 10, ಅದರಲ್ಲೂ ಬಟ್ಟೆಯ ಬಾಬ್ತು 3 ಕಡಿತ. ಮ್ಯಾಸಚೂಸೆಟ್ಸಿನ 54ನೇ ದಳದವರು ಸರಿಸಮ ಸಂಬಳ ಕೊಡುವವರೆಗೆ ಒಂದು ಕಾಸೂ ಮುಟ್ಟುವುದಿಲ್ಲ ಎಂದು ಹಟ ಹಿಡಿದರು, ಅತ್ತ ಮನೆಯಲ್ಲಿ ಹೆಂಡತಿ ಮಕ್ಕಳು ಉಪವಾಸವಿದ್ದರೂ. ಸಂಬಳ ಮುಟ್ಟದವರೇ 1863ರ ಜುಲೈ 18ರಂದು ವ್ಯಾಗ್ನರ್ ಕೋಟೆಯ ಗೋಡೆ ಹತ್ತಿ ಸತ್ತರು. 1864ರ ಜೂನಿನಲ್ಲಿ ಸರಕಾರ ಬಗ್ಗಿತು. ಶತ್ರು ಇವರನ್ನು ಸಿಪಾಯಿಗಳೆಂದು ಒಪ್ಪಲಿಲ್ಲ. 1864ರ ಏಪ್ರಿಲ್ 12ರಂದು ಪಿಲ್ಲೊ ಕೋಟೆಯಲ್ಲಿ ಶರಣಾದ ಕರಿಯರನ್ನು ಕೊಚ್ಚಿ ಹಾಕಿದರು. ಲಿಂಕನ್ ಬದಲಾದ, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಬದಲಾಯಿಸಿದವರು ಇವರು. ಬಂದೂಕು ಹೊತ್ತ ಕರಿಯರಿಗೆ, ಓದು ಬಲ್ಲ ಕರಿಯರಿಗೆ ಓಟು ಕೊಡಬಹುದು ಎಂದು ಅವನು 1865ರ ಏಪ್ರಿಲ್ 11ರಂದು ಬಹಿರಂಗವಾಗಿ ಹೇಳಿದ. ಕೇಳುತ್ತಿದ್ದ ಗುಂಪಿನಲ್ಲಿ ಬೂತ್ ಎಂಬ ನಟನೂ ಇದ್ದ. ಮೂರನೇ ದಿನ ರಾತ್ರಿ ಗುಂಡು ಹೊಡೆದ.

ಗೆಟಿಸ್‌ಬರ್ಗ್, ವಿಕ್ಸ್‌ಬರ್ಗ್, ಅಟ್ಲಾಂಟಾ ಕಾಳಗಗಳ ಲೆಕ್ಕ ಯಾವ ಪುಸ್ತಕದಲ್ಲೂ ಸಿಗುತ್ತದೆ. 1865ರ ಏಪ್ರಿಲ್ 9ರಂದು ದಕ್ಷಿಣದ ಸೇನಾಪತಿ ಲೀ ಶರಣಾದ. ಸತ್ತವರು ಆರು ಲಕ್ಷದ ಮೇಲೆ. ಈಚಿನ ಎಣಿಕೆಗಳು ಏಳು ಲಕ್ಷದ ಸುತ್ತ ನಿಲ್ಲುತ್ತವೆ.

ಆ ಯುದ್ಧಕ್ಕೂ ನಮ್ಮ ಎರೆಹೊಲಕ್ಕೂ ನಂಟಿದೆ. 1840ರ ದಶಕದಲ್ಲೇ ಕಂಪನಿ ಸರಕಾರ ಅಮೆರಿಕದ ಹತ್ತಿ ಬೆಳೆಗಾರರನ್ನು ಕರೆಸಿ ಧಾರವಾಡ ಸೀಮೆಯಲ್ಲಿ ನ್ಯೂ ಆರ್ಲಿಯನ್ಸ್ ಬೀಜ ಬಿತ್ತಿಸಿತ್ತು. ಆ ಹತ್ತಿಗೆ ಧಾರವಾಡ-ಅಮೆರಿಕನ್ ಎಂದೇ ಹೆಸರು. ಯುದ್ಧದಲ್ಲಿ ದಕ್ಷಿಣದ ಬಂದರುಗಳು ಬಂದಾದಾಗ ಮ್ಯಾಂಚೆಸ್ಟರ್ ಗಿರಣಿಗಳು ಹತ್ತಿಗಾಗಿ ಇತ್ತ ಬಾಯಿಬಿಟ್ಟವು. ಬೆಲೆ ಗಗನಕ್ಕೇರಿತು. ಈ ಹತ್ತಿಗೊಂದು ಬಂದರು ಬೇಕೆಂದು ಅವರ ಕಣ್ಣು ಕಾರವಾರದ ಮೇಲೆ ಬಿತ್ತು. 1862ರಲ್ಲಿ ಉತ್ತರ ಕನ್ನಡ ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಹೋಯಿತು. 1865ರಲ್ಲಿ ಯುದ್ಧ ನಿಂತದ್ದೇ ತಡ, ಬೆಲೆ ಕುಸಿಯಿತು. ಮುಂಬಯಿಯ ಸಟ್ಟಾಗಾರರು ಮುಳುಗಿದ್ದನ್ನು ಚರಿತ್ರೆ ದೊಡ್ಡ ಅಕ್ಷರದಲ್ಲಿ ಬರೆದಿದೆ. ಹೊಲದಲ್ಲಿ ಬಗ್ಗಿ ಹತ್ತಿ ಬಿಡಿಸಿದ ಹೆಂಗಸಿಗೆ ಏನು ಉಳಿಯಿತು ಎಂದು ಬರೆಯಲಿಲ್ಲ. ಅದೇ ಮ್ಯಾಂಚೆಸ್ಟರಿನಲ್ಲಿ ಹತ್ತಿಯಿಲ್ಲದೆ ಕೆಲಸ ಕಳೆದುಕೊಂಡ ಕೂಲಿಕಾರರು 1862ರ ಡಿಸೆಂಬರ್ 31ರಂದು ಸಭೆ ಸೇರಿ, ಗುಲಾಮಗಿರಿ ಅಳಿಯಲಿ ಎಂದು ಲಿಂಕನ್ನಿಗೆ ಪತ್ರ ಬರೆದರು ಎಂಬುದನ್ನೂ ಇಲ್ಲಿ ಹೇಳಲೇಬೇಕು. ಬಡವ ಬಡವನ ಕಡೆ ನಿಂತದ್ದೂ ಉಂಟು.

ಈ ಯುದ್ಧವನ್ನು ನಮ್ಮ ಕಣ್ಣಿನಿಂದ ಓದಿದವರು ಜೋತಿಬಾ ಫುಲೆ. 1873ರಲ್ಲಿ 'ಗುಲಾಮಗಿರಿ' ಬರೆದು, ಕರಿಯರ ಬಿಡುಗಡೆಗಾಗಿ ತ್ಯಾಗ ಮಾಡಿದ ಅಮೆರಿಕದ ಸಜ್ಜನರಿಗೆ ಅರ್ಪಿಸಿದರು. ತಮ್ಮ ದೇಶದವರೂ ಶೂದ್ರರನ್ನು ಬ್ರಾಹ್ಮಣಶಾಹಿಯ ಹಿಡಿತದಿಂದ ಬಿಡಿಸಲು ಅದನ್ನೇ ಮೇಲ್ಪಂಕ್ತಿಯಾಗಿ ಹಿಡಿಯಲಿ ಎಂದು ಹಾರೈಸಿದರು. 1946ರಲ್ಲಿ ಬಾಬಾಸಾಹೇಬರು ಡುಬೋಯ್ಸ್ ಅವರಿಗೆ ಪತ್ರ ಬರೆದದ್ದೂ, 1972ರಲ್ಲಿ ಮುಂಬಯಿಯ ಹುಡುಗರು ದಲಿತ ಪ್ಯಾಂಥರ್ಸ್ ಎಂದು ಹೆಸರಿಟ್ಟುಕೊಂಡದ್ದೂ ಇದೇ ದಾರಿಯಲ್ಲಿ. ಆದರೆ ಫುಲೆ ಪುಸ್ತಕ ಬಂದ ಆ 1873ರಲ್ಲೇ, ಏಪ್ರಿಲ್ 13ರ ಈಸ್ಟರ್ ಹಬ್ಬದ ದಿನ, ಲೂಸಿಯಾನಾದ ಕೋಲ್‌ಫ್ಯಾಕ್ಸ್ ಎಂಬ ಊರಿನಲ್ಲಿ ಓಟಿನ ಹಕ್ಕಿಗೆ ನಿಂತ ಕರಿಯರನ್ನು ಬಿಳಿಯರ ಗುಂಪು ಹತ್ತಾರು ಲೆಕ್ಕದಲ್ಲಿ ಕೊಂದಿತು. ಗೆದ್ದ ಯುದ್ಧ ಎಂಟೇ ವರ್ಷದಲ್ಲಿ ಸೋಲಿನ ಕಡೆ ಜಾರಿತ್ತು. ಯಾಕೆ?

ನೆಲ ಕೊಡಲಿಲ್ಲ. 1865ರ ಜನವರಿ 12ರಂದು ಸವಾನಾದಲ್ಲಿ ಸೇನಾಪತಿ ಶರ್ಮನ್ ಇಪ್ಪತ್ತು ಜನ ಕರಿಯ ಪಾದ್ರಿಗಳನ್ನು ಕರೆಸಿ ನಿಮಗೇನು ಬೇಕು ಎಂದು ಕೇಳಿದ. ಅವರ ಪರವಾಗಿ ಮಾತಾಡಿದವನು 67 ವರ್ಷದ ಗ್ಯಾರಿಸನ್ ಫ್ರೇಜರ್. ಸಾವಿರ ಡಾಲರ್ ತೆತ್ತು ತನ್ನನ್ನೂ ಹೆಂಡತಿಯನ್ನೂ ತಾನೇ ಕೊಂಡುಕೊಂಡಿದ್ದ ಮುದುಕ. ನಮಗೆ ನೆಲ ಬೇಕು, ನಾವೇ ಉತ್ತು ನಾವೇ ತಿನ್ನುತ್ತೇವೆ ಎಂಬರ್ಥದ ಮಾತು ಹೇಳಿದ. ನಾಲ್ಕು ದಿನಕ್ಕೆ ಆಜ್ಞೆ ಹೊರಟಿತು: ಚಾರ್ಲ್ಸ್‌ಟನ್ನಿನಿಂದ ಫ್ಲಾರಿಡಾವರೆಗಿನ ಕರಾವಳಿ, ದ್ವೀಪಗಳಲ್ಲಿ ಧಣಿಗಳು ಬಿಟ್ಟು ಓಡಿದ ನೆಲವನ್ನು ಮನೆಗೆ ನಲವತ್ತು ಎಕರೆ ಮೀರದಂತೆ ಹಂಚುವುದು. ಜೂನಿನೊಳಗೆ ಸುಮಾರು 40,000 ಜನ 4 ಲಕ್ಷ ಎಕರೆಯಲ್ಲಿ ನೆಲೆಯೂರಿ ಬಿತ್ತಿದ್ದರು. ಲಿಂಕನ್ ಸತ್ತು ಗಾದಿಗೆ ಬಂದ ಆಂಡ್ರೂ ಜಾನ್ಸನ್ ಬಂಡಾಯವೆದ್ದ ಧಣಿಗಳಿಗೆ ಕ್ಷಮಾಪಣೆ ಹಂಚಿದ, ಜೊತೆಗೆ ಅವರ ನೆಲವನ್ನೂ ವಾಪಸು ಹಂಚಿದ.

ಈ ಸುದ್ದಿ ಹೇಳಲು ಅಕ್ಟೋಬರಿನಲ್ಲಿ ಎಡಿಸ್ಟೊ ದ್ವೀಪಕ್ಕೆ ಸೇನಾಪತಿ ಹೊವಾರ್ಡ್ ಬಂದ. ಇದೇ ಯುದ್ಧದಲ್ಲಿ ಬಲಗೈ ಕಳೆದುಕೊಂಡವನು, ಕೆಟ್ಟವನೇನಲ್ಲ. ಚರ್ಚಿನಲ್ಲಿ ಜನ ಕಿಕ್ಕಿರಿದಿದ್ದರು. ಅವನು ಮಾತು ತಡವರಿಸಿದಾಗ ಒಬ್ಬ ಹೆಂಗಸು ದುಃಖದ ಹಾಡೊಂದನ್ನು ಎತ್ತಿಕೊಂಡಳು, ಸಭೆಯೆಲ್ಲ ದನಿಗೂಡಿಸಿತು. ಧಣಿಗಳನ್ನು ಕ್ಷಮಿಸಿ, ಅವರ ಕೈಕೆಳಗೆ ಕೂಲಿ ಕರಾರು ಮಾಡಿಕೊಳ್ಳಿ ಎಂದ ಹೊವಾರ್ಡ್. ಹೆನ್ರಿ ಬ್ರಾಮ್, ಇಷ್ಮೇಲ್ ಮೌಲ್ಟ್ರಿ, ಯೇಟ್ಸ್ ಸ್ಯಾಂಪ್ಸನ್ ಎಂಬ ಮೂವರು ದ್ವೀಪದ ಪರವಾಗಿ ಉತ್ತರ ಬರೆದರು. ಕಾಗುಣಿತ ಸರಿಯಿಲ್ಲದ ಆ ಅರ್ಜಿಯ ತಿರುಳು ಇಷ್ಟು: ನನ್ನನ್ನು ಮರಕ್ಕೆ ಕಟ್ಟಿ ಮೂವತ್ತೊಂಬತ್ತು ಛಡಿ ಹೊಡೆದವನು, ನನ್ನ ತಾಯಿ, ಅಕ್ಕತಂಗಿಯರನ್ನು ಬೆತ್ತಲೆ ಮಾಡಿ ಬಾರಿಸಿದವನು, ತಾನು ಹೇಳಿದ ಕೂಲಿಗೆ ಒಪ್ಪದಿದ್ದರೆ ಖಾಲಿ ಗುಡಿಸಲಲ್ಲೂ ಇರಗೊಡದವನು, ಅವನನ್ನು ಕ್ಷಮಿಸುವುದು ನನ್ನಿಂದಾಗದು. ನೆಲವಿಲ್ಲದ ನಾವು ಮತ್ತೆ ಅವನ ಕೈಯಲ್ಲೇ ಬಿದ್ದೆವು.

ಹಾಗೇ ಆಯಿತು. ಕರಾರಿಗೆ ಹೆಬ್ಬೆಟ್ಟು ಒತ್ತು, ಇಲ್ಲಾ ಜಾಗ ಬಿಡು. ನೆಲವಿಲ್ಲದವನು ಧಣಿಯ ಹೊಲವನ್ನೇ ವಾರಕ್ಕೆ ಮಾಡಿದ. ಬೀಜ, ಕತ್ತೆ, ಜೋಳದ ಹಿಟ್ಟು ಎಲ್ಲ ಧಣಿಯ ಅಂಗಡಿಯ ಸಾಲ. ಸುಗ್ಗಿಯಲ್ಲಿ ಲೆಕ್ಕ ಬರೆಯುವವನೂ ಧಣಿಯೇ. 14ನೇ ತಿದ್ದುಪಡಿ ಪೌರತ್ವ ಕೊಟ್ಟಿತು, 1870ರಲ್ಲಿ 15ನೆಯದು ಓಟು ಕೊಟ್ಟಿತು, ಹಡಗು ತಂದ ಸ್ಮಾಲ್ಸ್ ಸಂಸತ್ತಿಗೂ ಹೋದ. ಕೂ ಕ್ಲಕ್ಸ್ ಕ್ಲಾನ್ ಮುಸುಕು ಹಾಕಿಕೊಂಡು ಬಂತು. 1877ರಲ್ಲಿ ಉತ್ತರದವರು ಅಧಿಕಾರದ ಚೌಕಾಶಿಯಲ್ಲಿ ಕರಿಯರನ್ನು ಕೈಬಿಟ್ಟು ದಕ್ಷಿಣದ ಕಾವಲಿನಿಂದ ಸೈನ್ಯವನ್ನು ಹಿಂತೆಗೆದರು. 1890ರಲ್ಲಿ ರಿಚ್‌ಮಂಡಿನಲ್ಲಿ ಸೋತ ಲೀಗೆ ಕುದುರೆಯ ಮೇಲಿನ ದೊಡ್ಡ ಪ್ರತಿಮೆ ನಿಂತಿತು. ಅದೇ ವರ್ಷ ಮಿಸಿಸಿಪಿ ಹೊಸ ಸಂವಿಧಾನ ಮಾಡಿ ಕರಿಯರ ಓಟು ಕಿತ್ತುಕೊಂಡಿತು. ರಾಜ್ಯಗಳ ಹಕ್ಕಿನ ಕಥೆಯನ್ನು ಪಠ್ಯಪುಸ್ತಕಕ್ಕೆ ಹೊಗಿಸಿದವರೂ ಆ ಪ್ರತಿಮೆಗಳ ಬಳಗದವರೇ. ಲೀಯನ್ನು ಆ ಕಟ್ಟೆಯಿಂದ ಇಳಿಸಿದ್ದು 2021ರ ಸೆಪ್ಟೆಂಬರಿನಲ್ಲಿ.

ಗುಲಾಮಗಿರಿ ಅಳಿಸಿದ 1865ರ 13ನೇ ತಿದ್ದುಪಡಿಯನ್ನು ಮೇಷ್ಟ್ರುಗಳು ಪೂರ್ತಿ ಓದಿಸಬೇಕು. ಅದರಲ್ಲೊಂದು ವಿನಾಯಿತಿ ಇದೆ: ಅಪರಾಧಕ್ಕೆ ಶಿಕ್ಷೆಯಾಗಿ ಮಾತ್ರ ಗುಲಾಮಗಿರಿ ಇರಬಹುದು. ಶಾಯಿ ಆರುವ ಮುನ್ನವೇ ಕೆಲಸವಿಲ್ಲದೆ ತಿರುಗುವುದು ಅಪರಾಧ ಎಂದು ದಕ್ಷಿಣದ ರಾಜ್ಯಗಳು ಕಾಯಿದೆ ಮಾಡಿದವು. ದಂಡ ಕಟ್ಟಲಾಗದವನನ್ನು ತೋಟಕ್ಕೆ, ಗಣಿಗೆ ಬಾಡಿಗೆಗೆ ಬಿಟ್ಟವು. ಆ ವಿನಾಯಿತಿ ಇವತ್ತಿಗೂ ಆ ದೇಶದ ಸಂವಿಧಾನದಲ್ಲಿದೆ. ಲೂಸಿಯಾನಾ ರಾಜ್ಯದ ದೊಡ್ಡ ಸೆರೆಮನೆ ನಿಂತಿರುವುದು ಹಳೆಯ ಗುಲಾಮರ ತೋಟದ ನೆಲದ ಮೇಲೆ, ಸುಮಾರು 18,000 ಎಕರೆ. ಖೈದಿಗಳು ಹೊಲದಲ್ಲಿ ಸಾಲಾಗಿ ಬಗ್ಗಿ ದುಡಿಯುತ್ತಾರೆ, ಬಹುಪಾಲು ಕರಿಯರು. ಜನ ಅದನ್ನು ಕರೆಯುವುದು ತೋಟದ ಹಳೆಯ ಹೆಸರಿನಿಂದಲೇ: ಅಂಗೋಲಾ, ಗುಲಾಮರನ್ನು ಹಿಡಿದು ತಂದ ಆಫ್ರಿಕದ ನಾಡಿನ ಹೆಸರು.